ಗೋವಿಂದನಿಗಾಗಿ ಆರಿಸಿದ ಸೂಜಿ

ನ್ಯೂಟೌನ್, ಭದ್ರಾವತಿ
ಬುಧವಾರ, 12 ಫೆಬ್ರವರಿ 2025

ಪ್ರೀತಿಯ ಪ್ರಿಯಾ ಪುಟ್ಟಿಗೆ,

ಅಜ್ಜ ಅಜ್ಜಿ ಇಬ್ಬರ ಹರಕೆಯೂ ನಿನ್ನ ಮೇಲಿರಲಿ. ಪುಣೆಯ ಬೆಳಗಿನ ಚಳಿಗೆ ನಿನ್ನ ಮೂಗು ಕಟ್ಟುತ್ತಿತ್ತಲ್ಲ, ಈಗ ಹೇಗಿದೆ? ಹಾಸ್ಟೆಲಿನ ಊಟ ಸೇರುತ್ತಿದೆಯೇ? ಎರಡು ಹೊತ್ತೂ ಚಪಾತಿ ಎಂದು ಅಜ್ಜಿಗೆ ಹೇಳಿದ್ದೆಯಂತೆ. ಅಂದಿನಿಂದ ಅವಳು ಅನ್ನ ಬಸಿಯುವಾಗಲೆಲ್ಲ ನಿನ್ನ ಹೆಸರು ಹೇಳಿ ನಿಟ್ಟುಸಿರು ಬಿಡುತ್ತಾಳೆ. ತರಬೇತಿಗೆ ಹೋದವಳು ಅವಳ ಬಾಯಲ್ಲಿ ಉಪವಾಸಕ್ಕೆ ಹೋದವಳಾಗಿದ್ದೀಯ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ನಿಂತಿತು. ನಾನು, ಅಜ್ಜಿ, ಶಿವಮೊಗ್ಗದಲ್ಲಿ ನಿನ್ನ ಅಪ್ಪ ಅಮ್ಮ ಕ್ಷೇಮ. ನಿನ್ನ ಗೋವಿಂದಜ್ಜನ ವಿಷಯ ಮುಂದೆ ಬರೆಯುತ್ತೇನೆ. ಓದು ಕೆಡಬಾರದೆಂದು ನಿನ್ನಿಂದ ಮುಚ್ಚಿಟ್ಟೆವು. ಅದಕ್ಕೆ ಈಗಲೇ ಒಂದು ಸಲ ಬೈದುಬಿಡು, ಆಮೇಲೆ ಓದು.

ಫೋನಿರುವಾಗ ಕಾಗದವೇಕೆ ಎಂದು ನಗಬೇಡ. ಫೋನಿನಲ್ಲಿ ನೀನು ಹೇಳುವುದು ನನಗೆ ಅರ್ಧ ಕೇಳಿಸುತ್ತದೆ, ಉಳಿದ ಅರ್ಧವನ್ನು ನಾನೇ ಕಟ್ಟಿಕೊಳ್ಳುತ್ತೇನೆ. ಜನವರಿಯಲ್ಲಿ ಹಾಗೇ ಆಯಿತು. "ಅಜ್ಜ, ಲ್ಯಾಬಿಗೆ ಹೋಗಿ ನ್ಯಾನೋಸ್ಪ್ರೇ ಸೂಜಿ ಸ್ವಲ್ಪ ನೋಡಿ ಬಾ" ಎಂದು ನೀನು ಹೇಳಿದ್ದು. ನನಗೆ ಕೇಳಿಸಿದ್ದು ನ್ಯಾನೋ, ಸೂಜಿ ಎಂಬ ಎರಡು ಮಾತು. ಅಜ್ಜಿಯನ್ನು ಕೇಳಿದರೆ, "ನ್ಯಾನೋ ಅಂದ್ರೆ ಆ ಪುಟ್ಟ ಕಾರಲ್ವೇನ್ರೀ? ಅದಕ್ಯಾಕೆ ಸೂಜಿ?" ಎಂದಳು. ಎರಡು ದಿನ ಇಬ್ಬರೂ ತಲೆ ಕೆಡಿಸಿಕೊಂಡೆವು. ಕೊನೆಗೆ ನಿಮ್ಮ ಲ್ಯಾಬಿನ ಬಿಂದುಶ್ರೀಯೇ ಫೋನ್ ಮಾಡಿ, "ಅಜ್ಜ, ನೀವು ಕಾರ್ಖಾನೆ ಲ್ಯಾಬಲ್ಲಿ ಮೂವತ್ತಾರು ವರ್ಷ ಗಾಜಿನ ಕೆಲಸ ಮಾಡಿದೋರಂತೆ. ಪ್ರಿಯಾ ಹೇಳಿದ್ರು. ಒಂದ್ಸಲ ಬಂದು ನಮ್ ಗಾಜಿನ ಸೂಜಿಗೆ ಏನಾಗಿದೆ ನೋಡ್ತೀರಾ?" ಎಂದು ಕೂಗಿ ಹೇಳಿದ ಮೇಲೆ ವಿಷಯ ತಿಳಿಯಿತು. ಗಾಜು ಎಂದಮೇಲೆ ನನಗೆ ಧೈರ್ಯ ಬಂತು. ಎಷ್ಟು ಬ್ಯೂರೆಟ್ಟು, ಎಷ್ಟು ಕೊಳವೆ ಈ ಕೈಯಲ್ಲಿ ಬೆಸೆದಿಲ್ಲ! ಮಂಗಳವಾರ ಬೆಳಿಗ್ಗೆಯ ಬಸ್ಸು ಹತ್ತಿ ಶಿವಮೊಗ್ಗದ ನವುಲೆಯ ನಿಮ್ಮ ಲ್ಯಾಬಿಗೆ ಹೋದೆ.

ಹೋದಮೇಲೆ ಆ ಧೈರ್ಯ ಇಳಿಯಿತು. ಬಿಂದುಶ್ರೀ ಒಂದು ಪೆಟ್ಟಿಗೆ ತೆರೆದು, "ಇದೇ ಅಜ್ಜ" ಎಂದು ತೋರಿಸಿದಳು. ನನಗೆ ಖಾಲಿ ಪೆಟ್ಟಿಗೆ ಕಾಣಿಸಿತು. ಕನ್ನಡಕ ಒರೆಸಿ ನೋಡಿದರೆ ಕೂದಲಿನಂಥ ಎಳೆಗಳು ಸಾಲಾಗಿ ಮಲಗಿದ್ದವು. ಆ ಎಳೆಯೊಳಗೆ ತೂತು, ತೂತಿನ ಕೊನೆಯಲ್ಲಿ ಅದಕ್ಕಿಂತ ಸಣ್ಣ ಬಾಯಿ. "ಕೂದಲನ್ನ ಉದ್ದಕ್ಕೆ ಹತ್ತು ಸೀಳು ಮಾಡಿದ್ರೆ ಒಂದು ಸೀಳಿನಷ್ಟು ಬಾಯಿ" ಎಂದು ಅವಳು ಸಲೀಸಾಗಿ ಹೇಳಿದಳು. ಪ್ರೋಟೀನನ್ನು ಚೂರುಚೂರು ಮಾಡಿ ನೀರಿನಂಥ ದ್ರವದಲ್ಲಿ ಕಲಸಿ ಈ ಸೂಜಿಯಿಂದ ಬಿಡುವುದು, ಸೂಜಿಗೆ ಸಾವಿರಾರು ವೋಲ್ಟ್ ಕರೆಂಟು ಕೊಡುವುದು, ಆಗ ತುದಿಯಿಂದ ಕಣ್ಣಿಗೆ ಕಾಣದಷ್ಟು ನಯವಾದ ಮಂಜು ಹೊರಟು ಎದುರಿನ ಯಂತ್ರದ ಬಾಯಿಗೆ ಹೋಗುವುದು, ಯಂತ್ರ ಒಂದೊಂದು ಚೂರಿನ ತೂಕ ನೋಡಿ ಇದು ಇಂಥ ಪ್ರೋಟೀನು ಎಂದು ಹೇಳುವುದು. ಇಷ್ಟು ನನಗೆ ಅರ್ಥವಾಯಿತು. ಅರ್ಥವಾದದ್ದು ಸರಿಯೋ ತಪ್ಪೋ ನೀನೇ ಹೇಳಬೇಕು. ಅಷ್ಟು ದೊಡ್ಡ ಮಾಸ್ ಸ್ಪೆಕ್ಟ್ರೋಮೀಟರು, ಅದಕ್ಕೊಂದು ಏಸಿ ರೂಮು, ಅದರ ಮಾತೆಲ್ಲ ಈ ಎಳೆಯ ತುದಿಯ ಮೇಲೆ ನಿಂತಿದೆ ಎನ್ನುವುದು ಮಾತ್ರ ಇವತ್ತಿಗೂ ನಂಬಲಾಗುತ್ತಿಲ್ಲ.

ತೊಂದರೆ ಏನೆಂದು ಕೇಳಿದೆ. ಹಳೆಯ ವ್ಯಾಪಾರಿಯ ಸೂಜಿ ಮುಗಿಯುತ್ತ ಬಂದಿತ್ತು, ಮೂರೇ ಉಳಿದಿದ್ದವು. ಅವನಿಂದ ಮತ್ತೆ ಬರಲು ಎರಡು ತಿಂಗಳು. ಅದಕ್ಕೇ ಬೇರೊಬ್ಬ ವ್ಯಾಪಾರಿಯಿಂದ ಹೊಸ ಪೆಟ್ಟಿಗೆ ತರಿಸಿದ್ದರು. ಹೊಸ ಸೂಜಿ ಕೆಲವು ಸಲ ಚೆನ್ನಾಗಿ ನಡೆಯುತ್ತದೆ, ಕೆಲವು ಸಲ ನಡುವೆಯೇ ಉಗುಳಲು ಶುರುಮಾಡುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ನಾನು ಹೊಸ ಸೂಜಿಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿದೆ. ನೀನು ನಂಬುವುದಿಲ್ಲ, ಅಷ್ಟು ಚೆಂದ! ಬಾಯಿ ದುಂಡಗೆ, ಅಂಚು ಚೊಕ್ಕ, ಮೈಮೇಲೆ ಲೋಹದ ಲೇಪ ಮದುವೆಯ ಸರದಂತೆ ಹೊಳೆಯುತ್ತಿತ್ತು. ಹಳೆಯ ಮೂರನ್ನು ನೋಡಿದರೆ ಅವು ಮಂಕು. ಸಂಜೆಯವರೆಗೆ ನೋಡಿ, "ಹೊಸದೇ ಚೆನ್ನಾಗಿದೆಯಲ್ಲ ಮಾರಾಯ್ತಿ" ಎಂದು ಹೇಳಿ ಮನೆಗೆ ಬಂದೆ. ಬಸ್ಸಿನಲ್ಲಿ ಮಲವಗೊಪ್ಪ ದಾಟುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಚೆನ್ನಾಗಿದ್ದರೆ ಕೆಡುವುದೇಕೆ? ಉತ್ತರ ಗೊತ್ತಿಲ್ಲದೆ ಉತ್ತರ ಹೇಳಿ ಬಂದಿದ್ದೆ.

ಈಗ ನನ್ನ ತಮ್ಮ ಗೋವಿಂದನ ವಿಷಯ. ನೀನು ಹೊರಟ ವಾರವೇ ಅವನಿಗೆ ಕಾಲು ಊದಿಕೊಂಡಿತು. ಕಾರ್ಖಾನೆಯಲ್ಲಿ ಅರವತ್ತು ಅಡಿ ಎತ್ತರದ ಕ್ರೇನನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತಿದ್ದವನು ನಮ್ಮ ಮನೆಯ ಮೂರು ಮೆಟ್ಟಿಲಿಗೆ ಏದುಸಿರು ಬಿಡತೊಡಗಿದ. ಶಿವಮೊಗ್ಗದ ಡಾಕ್ಟರು ಸ್ಕ್ಯಾನ್ ಮಾಡಿ ಹೃದಯದ ಗೋಡೆ ದಪ್ಪವಾಗಿದೆ ಎಂದರು. ದೊಡ್ಡ ಆಸ್ಪತ್ರೆಗೆ ಕಳಿಸಿ, ಕುತ್ತಿಗೆಯ ನಾಳದಿಂದ ತಂತಿ ಇಳಿಸಿ, ಅಕ್ಕಿಕಾಳಿಗಿಂತ ಚಿಕ್ಕ ಚೂರನ್ನು ಹೃದಯದಿಂದಲೇ ತೆಗೆಸಿದರು. ಯಾವುದೋ ಪ್ರೋಟೀನು ಕೆಟ್ಟು ಅಲ್ಲಿ ಗಟ್ಟಿಯಾಗಿ ಕುಳಿತಿದೆಯಂತೆ. ಅದರಲ್ಲಿ ಎರಡು ಬಗೆ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. "ಮೊದಲ್ನೇ ಬಗೆ ಆದ್ರೆ ಕ್ಯಾನ್ಸರಿಗೆ ಕೊಡೋ ಥರದ ಔಷಧಿ ಈಗ್ಲೇ ಶುರುಮಾಡ್ಬೇಕು. ಎರಡ್ನೇದಾದ್ರೆ ಅದು ಬೇಡ, ಮಾತ್ರೆ ಇದೆ. ಬಗೆ ಗೊತ್ತಾಗದೆ ಆ ಔಷಧಿ ಕೊಟ್ರೆ ಇವರ ಹೃದಯ ತಡೆಯಲ್ಲ. ಕೊಡದೆ ಸುಮ್ನೆ ಕೂರೋಕೂ ಆಗಲ್ಲ" ಎಂದರು. ಚೂರಿನಲ್ಲಿರುವುದು ಯಾವ ಬಗೆ ಎಂದು ನೋಡಲು ನವುಲೆಯ ಕಡೆಯ ಒಂದು ಲ್ಯಾಬಿಗೆ ಕಳಿಸಿದ್ದೇವೆ ಎಂದೂ ಹೇಳಿದರು. ಗೋವಿಂದ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹೊರಗೆ ಬಂದಮೇಲೆ, "ಅಣ್ಣ, ಅದು ನಮ್ ಪ್ರಿಯಾನ ಮಿಷನ್ನೇ ಅಲ್ವಾ? ಅವಳಿಲ್ಲದಾಗ್ಲೇ ನನ್ ಸರದಿ ಬರ್ಬೇಕಾ!" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಹತ್ತು ದಿನದ ಮೇಲೆ ಡಾಕ್ಟರು ಫೋನ್ ಮಾಡಿ, ಪರೀಕ್ಷೆ ನಡುವೆಯೇ ನಿಂತಿದೆ, ಬಗೆ ಸ್ಪಷ್ಟವಾಗಿಲ್ಲ, ಮುಂದಿನ ಶುಕ್ರವಾರ ಇನ್ನೊಮ್ಮೆ ಮಾಡುತ್ತಾರೆ ಎಂದರು. ಮಾರನೆಯ ದಿನ ನಾನು ಲ್ಯಾಬಿಗೆ ಹೋದೆ. ನಿಮ್ಮ ಶಶಿಧರ್ ಸಾರ್ ಬಿಂದುಶ್ರೀಗೆ ಹೇಳುತ್ತಿದ್ದರು, "ಶುಕ್ರವಾರ ಆ ಒಂದೇ ಸ್ಯಾಂಪಲ್ ರಿಪೀಟ್. ಇನ್ನೊಂದೇ ಸಲಕ್ಕಾಗೋಷ್ಟಿದೆ. ಮತ್ತೆ ಕೇಳೋ ಹಾಗಿಲ್ಲ." ಹೆಸರಿರಲಿಲ್ಲ, ನಂಬರು ಮಾತ್ರ. ಆದರೂ ನನಗೆ ಗೊತ್ತಾಗದೆ ಇರುತ್ತದೆಯೇ? ಬಿಂದುಶ್ರೀ ಆಚೆ ಹೋಗುವವರೆಗೆ ಕಾದೆ. ಆಮೇಲೆ, "ಸಾರ್, ಅದು ನನ್ ತಮ್ಮಂದು ಅಂತ ನಂಗೆ ಅನುಮಾನ. ನಾನು ಇಲ್ಲಿ ಇರ್ಬಹುದಾ, ಎದ್ದು ಹೋಗ್ಲಾ?" ಎಂದು ಕೇಳಿದೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಕೃಷ್ಣಪ್ಪನೋರೆ, ಸ್ಯಾಂಪಲ್ ಯಾರದು ಅಂತ ನಮಗೂ ತಿಳಿಸಿರಲ್ಲ. ನೀವು ಸೂಜಿ ನೋಡಿ, ಪೇಪರ್ ನೋಡ್ಬೇಡಿ. ರಿಸಲ್ಟ್ ಡಾಕ್ಟರಿಗೆ ಮಾತ್ರ ಹೋಗತ್ತೆ" ಎಂದರು. ಒಳ್ಳೆಯ ಮನುಷ್ಯ. ಆದರೆ ಆ ಮಾತಿನಿಂದ ನನ್ನ ತಲೆಯ ಮೇಲೆ ಇನ್ನೂ ಭಾರ ಬಿದ್ದಂತಾಯಿತು. ಶುಕ್ರವಾರಕ್ಕೆ ಯಾವ ಸೂಜಿ ಎಂದು ಆರಿಸಬೇಕಾದವನು ನಾನೇ.

ಹೊಸದನ್ನು ಎಷ್ಟು ನೋಡಿದರೂ ಏನೂ ಸಿಗದು ಎಂದು ಆಗ ನನಗೆ ಹೊಳೆಯಿತು. ಕಾರ್ಖಾನೆಯಲ್ಲಿ ಒಡೆದ ಕೊಳವೆ ಬಂದರೆ ಮೊದಲು ಒಡೆದ ಚೂರನ್ನೇ ಕೇಳುತ್ತಿದ್ದೆ. "ಬಿಂದು, ಕೆಟ್ಟುಹೋದ ಸೂಜಿ ಎಲ್ಲಿ ಹಾಕ್ತೀಯಮ್ಮ?" ಎಂದೆ. ಗಾಜಿನ ಕಸದ ಡಬ್ಬಿ ತೋರಿಸಿದಳು. ಇಬ್ಬರೂ ಚಿಮಟ ಹಿಡಿದು ಅದರಲ್ಲಿ ಹುಡುಕಿ ಹನ್ನೊಂದು ಸತ್ತ ಸೂಜಿ ತೆಗೆದೆವು. ನಾಲ್ಕು ಮುರಿದಿದ್ದವು, ಅವನ್ನು ಬಿಟ್ಟೆ. ಉಳಿದ ಏಳನ್ನು ಮೈಕ್ರೋಸ್ಕೋಪಿಗೆ ಇಟ್ಟರೆ ನಾನು ಮೆಚ್ಚಿಕೊಂಡಿದ್ದ ಹೊಳಪು ಇರಲೇ ಇಲ್ಲ. ತುದಿಯ ಹತ್ತಿರ ಲೇಪ ಹಾವಿನ ಪೊರೆಯಂತೆ ಸುಲಿದು ಎದ್ದಿತ್ತು. ಎರಡರಲ್ಲಿ ಆ ಸುಲಿದ ಚೂರು ಬಾಯಿಗೇ ಅಂಟಿಕೊಂಡಿತ್ತು. ಕರೆಂಟು ಕೊಟ್ಟು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಆದಮೇಲೆ ಲೇಪ ಏಳುತ್ತದೆ, ಮಂಜು ಒಡೆಯುತ್ತದೆ. ಹೊಸ ಸೂಜಿ ಬಂದಾಗ ನೀವು ಪರೀಕ್ಷೆ ಮಾಡುತ್ತಿದ್ದದ್ದು ಹತ್ತು ನಿಮಿಷವಂತೆ. ಹತ್ತು ನಿಮಿಷಕ್ಕೆ ಎಲ್ಲವೂ ಪಾಸಾಗುತ್ತಿದ್ದವು. ಬಿಂದುಶ್ರೀ ಹಣೆ ಹಣೆ ಚಚ್ಚಿಕೊಂಡಳು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಎಲ್ಲ ಹೊಸ ಸೂಜಿಗೂ ಹಾಗಾಗುತ್ತದೆಯೇ ಎಂದರೆ ಅದೂ ಇಲ್ಲ, ಐದರಲ್ಲಿ ಮೂರು ಕೊನೆಯವರೆಗೂ ನಡೆದದ್ದು ಅವಳ ಪುಸ್ತಕದಲ್ಲಿ ಬರೆದಿತ್ತು. ಯಾವ ಮೂರು ಎಂದು ಮುಂಚೆಯೇ ಹೇಳುವುದು ಹೇಗೆ? ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ.

ಇನ್ನೊಂದು ವಿಷಯ ನಾಚಿಕೆಯಿಂದ ಹೇಳುತ್ತೇನೆ. ನಿಮ್ಮ ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಗಾಜು ಎಳೆಯುವ ಯಂತ್ರವಿದೆಯಲ್ಲ, ಅದನ್ನು ಒರೆಸಿ, ಹೊಸ ತಂತಿ ಹಾಕಿ ನಡೆಸಿಬಿಟ್ಟೆ. ಗಾಜಿನ ಸಣ್ಣ ಕೊಳವೆಯನ್ನು ನಡುವೆ ಕಾಯಿಸುತ್ತದೆ, ಮೆತ್ತಗಾದ ತಕ್ಷಣ ಎರಡು ಕಡೆಗೂ ಎಳೆಯುತ್ತದೆ. ಎಷ್ಟು ಕಾಯಬೇಕು, ಯಾವಾಗ ಎಳೆಯಬೇಕು ಎನ್ನುವುದನ್ನು ನಾವೇ ತಿರುಗಿಸಿ ಹೊಂದಿಸಬೇಕು. ಅದು ನನಗೆ ಗೊತ್ತಿರುವ ಕೆಲಸ. ಮೂರು ದಿನ ಕೂತು ಐದು ಸೂಜಿ ಎಳೆದೆ. ಹಸುವಿನ ರಕ್ತದ ಪ್ರೋಟೀನು ಇಟ್ಟುಕೊಂಡಿದ್ದೀರಲ್ಲ, ಪರೀಕ್ಷೆಗೆ ಬಳಸುವುದು, ಅದನ್ನೇ ಹಾಕಿ ಬಿಂದುಶ್ರೀ ನಡೆಸಿದಳು. ನನ್ನ ಮೊದಲನೆಯ ಸೂಜಿಯ ಮಂಜು ಪರದೆಯ ಮೇಲೆ ಎಷ್ಟು ಸ್ಥಿರವಾಗಿ ನಿಂತಿತೆಂದರೆ ಆ ಹುಡುಗಿ ಚಪ್ಪಾಳೆ ತಟ್ಟಿದಳು. "ಅಜ್ಜ, ಈ ವರ್ಷ ಬಂದಿರೋದ್ರಲ್ಲೇ ಬೆಸ್ಟ್!" ಎರಡನೆಯದೂ ಹಾಗೇ. ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಅಷ್ಟು ಹೆಮ್ಮೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಜ್ಜಿಗೆ ಹೇಳಿದರೆ, "ಸಾರಲ್ಲಿ ಕೂದ್ಲು ಬಿದ್ರೆ ಕಾಣಲ್ಲ, ಸೂಜಿ ಎಳೀತಾರಂತೆ" ಎಂದಳು. ಆದರೆ ರೊಟ್ಟಿಗೆ ತುಪ್ಪ ಒಂದು ಚಮಚ ಜಾಸ್ತಿ ಬಿತ್ತು.

ಮೂರನೆಯದು ಸುಮಾರು. ನಾಲ್ಕನೆಯದು ಇಪ್ಪತ್ತು ನಿಮಿಷಕ್ಕೆ ಕಟ್ಟಿಕೊಂಡಿತು. ಐದನೆಯದರ ತುದಿ ಓರೆಯಾಗಿತ್ತು. ಎಲ್ಲವನ್ನೂ ಒಂದೇ ರೀತಿ ಎಳೆದಿದ್ದೆ, ಏನು ಬೇರೆಯಾಯಿತೋ ಗೊತ್ತಿಲ್ಲ. ಗುರುವಾರ ಬಿಂದುಶ್ರೀ, "ಅಜ್ಜ, ನಾಳೆಗೆ ನಿಮ್ದೇ ಹಾಕೋಣ. ನಿಮ್ ತಮ್ಮಂಗೆ ನಿಮ್ ಕೈದೇ ಆಗ್ಲಿ" ಎಂದಳು. ಅವಳಿಗೆ ಶಶಿಧರ್ ಸಾರ್ ಹೇಳಿರಲಿಲ್ಲ, ನನ್ನ ಮುಖ ನೋಡಿಯೇ ಊಹಿಸಿದ್ದಳು. ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಗೆದ್ದ ಆ ಎರಡು ಸೂಜಿಯಲ್ಲಿ ಹಸುವಿನ ಪ್ರೋಟೀನು ಉಳಿದಿರುತ್ತದೆ, ಗೋವಿಂದನ ಸ್ಯಾಂಪಲ್ಲಿಗೆ ಅವನ್ನು ಹಾಕುವಂತಿಲ್ಲ. ಹೊಸದಾಗಿ ಆರನೆಯದನ್ನೇ ಎಳೆಯಬೇಕು. ಆರನೆಯದು ಮೊದಲನೆಯದರಂತೆ ಬರುತ್ತದೆಯೋ ನಾಲ್ಕನೆಯದರಂತೆ ಬರುತ್ತದೆಯೋ ಯಾರಿಗೆ ಗೊತ್ತು? ಎಳೆಯುವ ನನಗೇ ಗೊತ್ತಿಲ್ಲ. ಆಗ ಅವಳ ಪುಸ್ತಕ ತರಿಸಿ ಹಳೆಯ ವ್ಯಾಪಾರಿಯ ಸೂಜಿಗಳ ವಿಷಯ ಓದಿಸಿದೆ. ಹೋದ ವರ್ಷ ಬಳಸಿದ್ದು ನಲವತ್ತು. ಅದರಲ್ಲಿ ಒಂದೂ ಚಪ್ಪಾಳೆ ತಟ್ಟುವಂಥದ್ದಲ್ಲ. ನನ್ನ ಮೊದಲನೆಯದಕ್ಕಿಂತ ಎಲ್ಲವೂ ಒಂದು ಕೈ ಕಡಿಮೆಯೇ. ಆದರೆ ನಲವತ್ತರಲ್ಲಿ ಮೂವತ್ತೆಂಟು ಒಂದೇ ಸಮ, ದಿನಗಟ್ಟಲೆ. "ನಾಳೆಗೆ ಈ ಮಂಕುಗಳೇ ಇರ್ಲಿ" ಎಂದೆ. ತಿಳಿದು ಹೇಳಿದೆನೋ, ನನ್ನ ಸೂಜಿ ಕೆಟ್ಟು ತಮ್ಮನಿಗೆ ಏನಾದರೂ ಆದರೆ ಎಂಬ ಹೆದರಿಕೆಗೆ ಹೇಳಿದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಅಲ್ಲಿಗೂ ಮುಗಿಯಲಿಲ್ಲ ನೋಡು. ಉಳಿದಿದ್ದದ್ದು ಮೂರು. ಪರೀಕ್ಷೆ ಮಾಡದೆ ಹಾಕಿದರೆ ಒಳಗೆ ಏನಿದೆಯೋ ಗೊತ್ತಿಲ್ಲ. ಪರೀಕ್ಷೆ ಮಾಡಿದರೆ ಆ ಸೂಜಿ ಗೋವಿಂದನಿಗೆ ಆಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ಟೀ ತಣ್ಣಗಾಗಲು ಬಿಟ್ಟು ಕೂತು ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದೆ. ಕೊನೆಗೆ ಮೂರರಲ್ಲಿ ಒಂದನ್ನು ಹಸುವಿನ ಪ್ರೋಟೀನು ಹಾಕಿ, ಒಂದು ಪರೀಕ್ಷೆಗೆ ಬೇಕಾಗುವ ಪೂರ್ತಿ ತೊಂಬತ್ತು ನಿಮಿಷ ನಡೆಸಿದೆವು. ಮಂಜು ಕೊನೆಯವರೆಗೂ ಕೆಡಲಿಲ್ಲ. ಅದರ ಜೊತೆಯವು ಅದರಂತೆಯೇ ಇರಬೇಕು ಎಂದು ಉಳಿದ ಎರಡನ್ನು ಮೈಕ್ರೋಸ್ಕೋಪಿಗೆ ಇಟ್ಟೆ. ಒಂದರ ಬಾಯಲ್ಲಿ ಕಪ್ಪು ಚುಕ್ಕಿ ಕಾಣಿಸಿತು. ಧೂಳೋ, ಒಡಕೋ? ಲೆನ್ಸ್ ಒರೆಸಿದೆ, ಹೋಗಲಿಲ್ಲ. ಕನ್ನಡಕ ಒರೆಸಿದೆ, ಹೋಗಲಿಲ್ಲ. ಬಿಂದುಶ್ರೀಗೆ ಅದು ಕಾಣಲೇ ಇಲ್ಲ. ಶಶಿಧರ್ ಸಾರ್‌ಗೆ ಇದ್ದಂತೆ ಕಂಡಿತು. ಚುಕ್ಕಿ ಇರುವುದು ಸೂಜಿಯಲ್ಲೋ ನನ್ನ ಕಣ್ಣಲ್ಲೋ ತಿಳಿಯದೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಅವರ ಕೈಗೆ ಕೊಟ್ಟೆ. ಸ್ಯಾಂಪಲ್ಲನ್ನು ಬಿಂದುಶ್ರೀ ಎರಡು ಸಲ ಗಿರಗಿರ ತಿರುಗಿಸಿ, ತಳಕ್ಕೆ ಕೂತ ಕಸವನ್ನು ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಂಡಳು.

ಆ ತೊಂಬತ್ತು ನಿಮಿಷ ಹೇಗೆ ಕಳೆಯಿತೆಂದು ಬರೆಯಲು ನನಗೆ ಬರುವುದಿಲ್ಲ. ಪರದೆಯ ಮೇಲೆ ಸೂಜಿಯ ತುದಿ ತೆಂಗಿನ ಮರದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದರ ಬಾಯಿಂದ ಬೆಳ್ಳನೆಯ ಎಳೆಯೊಂದು ಹೊರಟು ಬೀಸಣಿಗೆಯಂತೆ ಅಗಲವಾಗುತ್ತಿತ್ತು. ನಲವತ್ತನೆಯ ನಿಮಿಷದ ಹತ್ತಿರ ಅದು ಒಮ್ಮೆ ನಡುಗಿತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಮುಟ್ಬೇಡಿ, ಕೂತ್ಕೊಳಿ" ಎಂದರು ಶಶಿಧರ್ ಸಾರ್. ಗಾಳಿಯ ಗುಳ್ಳೆಯೊಂದು ಹಾದುಹೋಗಿತ್ತಂತೆ. ಎಳೆ ಮತ್ತೆ ನೆಟ್ಟಗಾಯಿತು, ಕೊನೆಯವರೆಗೂ ಹಾಗೇ ನಿಂತಿತು. ಮುಗಿದಮೇಲೆ ಅವರು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ನಾನು ಪೇಪರ್ ನೋಡಲಿಲ್ಲ, ಕೇಳಲೂ ಇಲ್ಲ, ಕೈಚೀಲ ತೆಗೆದುಕೊಂಡು ಹೊರಟುಬಂದೆ.

ಭದ್ರಾವತಿಯಲ್ಲಿ ಬಸ್ಸಿಳಿದರೆ ಗೋವಿಂದ ನಿಲ್ದಾಣದ ಕಲ್ಲಿನ ಮೇಲೆ ಕೂತಿದ್ದ. ಅಷ್ಟು ದೂರ ನಡೆದು ಬರಬೇಡವೆಂದು ಡಾಕ್ಟರು ಹೇಳಿದ್ದರೂ ಬಂದಿದ್ದ. "ಏನಾಯ್ತಣ್ಣ?" ಎಂದ. "ಸೂಜಿ ನಡೀತು ಕಣೋ" ಎಂದೆ. "ಸೂಜಿ ನಡೆದ್ರೆ ನಾನೂ ನಡೀತೀನಾ?" ಎಂದು ಕೇಳಿದ. ಆಟೋ ಕರೆದು ಇಬ್ಬರೂ ಮನೆಗೆ ಬಂದೆವು. ಇದಾಗಿ ಐದು ದಿನವಾಯಿತು, ಆಸ್ಪತ್ರೆಯಿಂದ ಇನ್ನೂ ಫೋನಿಲ್ಲ. ಪಕ್ಕಕ್ಕಿಟ್ಟ ಆ ಚುಕ್ಕಿಯ ಸೂಜಿಯನ್ನೇ ಹಾಕಬೇಕಿತ್ತೇನೋ, ನನ್ನದೇ ಆರನೆಯದನ್ನು ಎಳೆದಿದ್ದರೆ ಇನ್ನೂ ಚೆನ್ನಾಗಿ ನಡೆಯುತ್ತಿತ್ತೇನೋ, ಆ ನಡುಕದಲ್ಲಿ ಮುಖ್ಯವಾದದ್ದೇ ತಪ್ಪಿಹೋಯಿತೇನೋ ಎಂದು ಊಟಕ್ಕೆ ಕೂತಾಗಲೂ ಯೋಚನೆ. ಅಜ್ಜಿ ತಟ್ಟೆಗೆ ಬಡಿಸಿ ಎರಡೆರಡು ಸಲ ಕರೆಯಬೇಕಾಗುತ್ತದೆ.

ಶಶಿಧರ್ ಸಾರ್ ಬರುವ ವರ್ಷದ ಸೂಜಿಯ ಬಗ್ಗೆ ನನ್ನ ಅಭಿಪ್ರಾಯ ಬರೆದುಕೊಡಿ ಎಂದಿದ್ದಾರೆ. ನಿನ್ನನ್ನು ಕೇಳದೆ ಬರೆಯಲಾರೆ. ನನಗೆ ತೋಚಿದ್ದು ಇಷ್ಟು. ಒಂದೇ ಸಲಕ್ಕೆ ತಯಾರಾದ ಸೂಜಿಗಳಿಗೆ ಪೆಟ್ಟಿಗೆಯ ಮೇಲೆ ಒಂದೇ ನಂಬರಿರುತ್ತದಂತೆ. ಯಾರಿಂದ ತಂದರೂ ಆ ನಂಬರು ನೋಡಿ ಮೊದಲು ಸ್ವಲ್ಪವೇ ತರಿಸಿ, ಅದರಲ್ಲಿ ಕೆಲವನ್ನು ತೊಂಬತ್ತು ನಿಮಿಷ ಪೂರ್ತಿ ನಡೆಸಿ, ಒಂದಕ್ಕೊಂದು ಹೊಂದುತ್ತದೆಯೇ ನೋಡಿ, ಆಮೇಲೆ ಅದೇ ನಂಬರಿನವನ್ನೇ ಉಳಿದದ್ದಕ್ಕೂ ತರಿಸಬೇಕು. ಸತ್ತ ಸೂಜಿಯನ್ನು ಎಸೆಯದೆ ದಿನಾಂಕ ಹಾಕಿ ಇಡಬೇಕು. ನಾನು ಎಳೆದದ್ದನ್ನು ಕಲಿಯುವವರ ಕೈಗೆ ಕೊಡಿ, ರೋಗಿಗಳ ಸ್ಯಾಂಪಲ್ಲಿಗೆ ಬೇಡ. ಇದು ಸರಿಯೇ, ಮುದುಕನ ಪುಕ್ಕಲುತನವೇ? ಅಲ್ಲಿ ನಿನಗೆ ಕಲಿಸುವವರನ್ನು ಕೇಳಿ ಬರೆ. ನಿನ್ನ ಉತ್ತರ ಬರುವವರೆಗೆ ನಾನು ಪೆನ್ನು ಮುಟ್ಟುವುದಿಲ್ಲ.

ಅಜ್ಜಿ ಹುರಿಹಿಟ್ಟು, ಚಟ್ನಿಪುಡಿ ಕಟ್ಟಿದ್ದಾಳೆ, ಬೇರೆ ಪಾರ್ಸೆಲಿನಲ್ಲಿ ಬರುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ನಿನ್ನ ಕೈಗೆ ಸ್ಥಿರತೆ, ಕಣ್ಣಿಗೆ ಚುರುಕು, ಹೊಟ್ಟೆಗೆ ಅನ್ನ, ಈ ಮೂರನ್ನೂ ದೇವರು ಕೊಡಲಿ ಎಂದು ಇಬ್ಬರೂ ಬೇಡಿಕೊಳ್ಳುತ್ತೇವೆ. ಗೋವಿಂದಜ್ಜನೂ ಕೇಳಿದನೆಂದು ಬರೆಯಲು ಹೇಳಿದ್ದಾನೆ.

ನಿನ್ನ ಅಜ್ಜ,
ಕೃಷ್ಣಪ್ಪ

ಗುರುವಾರ ಮಧ್ಯಾಹ್ನ, ಅವಸರದಲ್ಲಿ: ಕಾಗದ ಅಂಟಿಸುವ ಮೊದಲೇ ಆಸ್ಪತ್ರೆಯಿಂದ ಫೋನ್ ಬಂತು. ಗೋವಿಂದನೂ ನಾನೂ ಹೋಗಿ ಈಗಷ್ಟೇ ಬಂದೆವು. ರಿಸಲ್ಟ್ ಸ್ಪಷ್ಟವಾಗಿದೆ, ಎರಡನೆಯ ಬಗೆ. ಕ್ಯಾನ್ಸರಿನ ಔಷಧಿ ಬೇಡ, ಮಾತ್ರೆ ಶುರುವಾಗಿದೆ. ಗೋವಿಂದ ಡಾಕ್ಟರ ಕೈ ಹಿಡಿದುಕೊಂಡು ಅತ್ತುಬಿಟ್ಟ. ಆದರೆ ಅವನ ಪ್ರೋಟೀನಿನಲ್ಲಿ ಒಂದು ಕಡೆ ಒಂದು ತುಣುಕು ಬೇರೆಯಾಗಿದೆಯಂತೆ. ಹುಟ್ಟಿನಿಂದ ಬರುವಂಥದ್ದಂತೆ, ರಕ್ತಸಂಬಂಧದಲ್ಲಿ ಇಳಿದು ಬರುತ್ತದಂತೆ. ಕೈಬೆರಳು ಜೋಮು ಹಿಡಿಯುತ್ತದೆಯೇ ಎಂದು ಡಾಕ್ಟರು ಅವನನ್ನು ಕೇಳಿದರು. ಹೌದು ಎಂದ. ಅವನ ಪಕ್ಕದಲ್ಲಿ ಕೂತು ನಾನು ನನ್ನ ಕೈ ನೋಡಿಕೊಂಡೆ. ನನಗೂ ಎರಡು ವರ್ಷದಿಂದ ಹಾಗಾಗುತ್ತಿದೆ, ಅಜ್ಜಿಗೂ ಹೇಳಿರಲಿಲ್ಲ, ಅಲ್ಲೇ ಡಾಕ್ಟರಿಗೆ ಹೇಳಿದೆ. ನಮ್ಮ ಅಪ್ಪ ಐವತ್ತೆಂಟಕ್ಕೆ ಕಾಲು ಊದಿ ಹೋದದ್ದೂ ಇದೇ ಇರಬಹುದೆಂದರು. ಖಚಿತ ಮಾಡಲು ಗೋವಿಂದನೂ ನಾನೂ ಇವತ್ತೇ ರಕ್ತ ಕೊಟ್ಟೆವು. ನಿನ್ನ ಅಪ್ಪ ಸತೀಶನಿಗೆ ಸಂಜೆ ಅವನ ಮನೆಗೆ ಹೋಗಿ ಹೇಳುತ್ತೇನೆ. ಅವನು ಗಾಬರಿಯಲ್ಲಿ ನಿನಗೆ ಅರ್ಧಂಬರ್ಧ ಹೇಳುತ್ತಾನೆಂದು ಪೂರ್ತಿ ಬರೆದು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ನನ್ನಲ್ಲಿ ಇದ್ದರೂ ಅವನಿಗೆ ಬಂದಿರಲೇಬೇಕೆಂದಿಲ್ಲ, ಅವನಿಗೆ ಬಂದಿದ್ದರೂ ನಿನಗೆ ಬಂದಿರಲೇಬೇಕೆಂದಿಲ್ಲ. ಇದ್ದರೂ ಬೇಗ ತಿಳಿದರೆ ಈಗ ಔಷಧಿ ಇದೆ. ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತಿರುತ್ತದೆ. ಆ ಸೂಜಿ ಅಂದು ನಿಂತೇಹೋಗಿದ್ದರೆ ನಮಗೆ ಇದು ತಿಳಿಯುತ್ತಲೇ ಇರಲಿಲ್ಲ. ಹಾಗಾಗಿದ್ದರೆ ಚೆನ್ನಾಗಿತ್ತೇನೋ ಎಂದು ಡಾಕ್ಟರ ರೂಮಿನಲ್ಲಿ ಒಂದು ಕ್ಷಣ ಅನ್ನಿಸಿತು, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಗೋವಿಂದ ಅಳುವುದನ್ನು ನೋಡಿದ ಮೇಲೆ ಅನ್ನಿಸಲಿಲ್ಲ. ಓಡಿ ಬರಬೇಡ, ತರಬೇತಿ ಮುಗಿಸು. ಆದರೆ ಈ ಕಾಗದ ತಲುಪಿದ ದಿನವೇ ಅಲ್ಲಿ ರಕ್ತ ಕೊಡು ಪುಟ್ಟಿ.